ಬೆನ್ನ ಮೇಲಿನ ಗುಳ್ಳೆ: ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ

ಹೋದ ತಿಂಗಳು ಮುಖದ ಮೊಡವೆ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಎಷ್ಟೋ ಮುಖದ ಬಗ್ಗೆ ಇರಲೇ ಇಲ್ಲ. ಬೆನ್ನು, ಎದೆ, ಭುಜ, ಕಂಕುಳು. ಬಟ್ಟೆ ಒಳಗೆ ಇರುವುದರಿಂದ ಯಾರಿಗೂ ತೋರಿಸಿಲ್ಲ, ಯಾರನ್ನೂ ಕೇಳಿಲ್ಲ, ಆದರೆ ಮೆಡಿಕಲ್ ಶಾಪಿನಿಂದ ಮೂರ್ನಾಲ್ಕು ಟ್ಯೂಬ್ ತಂದು ಹಚ್ಚಿ ಆಗಿದೆ! ಹಚ್ಚುವುದು ಆಮೇಲೆ. ಅದು ಮೊಡವೆಯೇ ಹೌದಾ ಅಂತ ಮೊದಲು ನೋಡಬೇಕು. ಕೆಳಗೆ ಬರೆದಿರುವವರಲ್ಲಿ ಕೆಲವರಿಗೆ ಇರುವುದು ಮೊಡವೆಯೇ ಅಲ್ಲ.

ಪ್ರ: ಮಗಳು ಹತ್ತನೇ ಕ್ಲಾಸು. ಮುಖದಲ್ಲಿ ಒಂದೆರಡು ಬಿಟ್ಟರೆ ಏನೂ ಇಲ್ಲ, ಬೆನ್ನು ಮಾತ್ರ ತುಂಬಿಹೋಗಿದೆ. ಉಷ್ಣ ಅಂತ ನಮ್ಮ ಅತ್ತೆ ಅವಳಿಗೆ ಮೊಟ್ಟೆ, ಕಡಲೆಕಾಯಿ, ಮಾವಿನಹಣ್ಣು ಎಲ್ಲ ಬಿಡಿಸಿದ್ದಾರೆ. ವಾರಕ್ಕೆರಡು ಸಲ ಎಣ್ಣೆ ಹಚ್ಚಿ ತಲೆಗೆ ನೀರು ಹಾಕುತ್ತೇನೆ, ಕಡಲೆಹಿಟ್ಟು ಹಾಕಿ ಬೆನ್ನು ಚೆನ್ನಾಗಿ ತಿಕ್ಕುತ್ತೇನೆ. ಕಡಿಮೆಯೇ ಆಗುತ್ತಿಲ್ಲ.
– ಒಬ್ಬ ತಾಯಿ, ಅರಸೀಕೆರೆ

ಉ: ಅಮ್ಮಾ, ಆ ತಿಕ್ಕುವುದನ್ನು ಇವತ್ತೇ ನಿಲ್ಲಿಸಿ. ಕೊಳೆ ಕೂತು ಮೊಡವೆ ಬಂದಿದ್ದರೆ ತಿಕ್ಕಿದರೆ ಹೋಗಬೇಕಿತ್ತು ಅಲ್ವಾ? ಈ ವಯಸ್ಸಿನಲ್ಲಿ ಹಾರ್ಮೋನು ಏರಿ ಚರ್ಮದ ಎಣ್ಣೆ ಗ್ರಂಥಿಗಳು ಜಾಸ್ತಿ ಜಿಡ್ಡು ಬಿಡುತ್ತವೆ. ರೋಮದ ಬುಡದಲ್ಲಿ ಉದುರಿಹೋಗಬೇಕಾದ ಸತ್ತ ಚರ್ಮ ಅಲ್ಲೇ ಅಂಟಿಕೊಂಡು ಬಾಯಿ ಮುಚ್ಚುತ್ತದೆ, ಒಳಗೆ ಸಿಕ್ಕಿಕೊಂಡ ಜಿಡ್ಡಿನಲ್ಲಿ ನಮ್ಮೆಲ್ಲರ ಮೈಮೇಲೂ ಇರುವ ಒಂದು ಬ್ಯಾಕ್ಟೀರಿಯಾ ಬೆಳೆಯುತ್ತದೆ, ಆಮೇಲೆ ಕೆಂಪಾಗಿ ಊದಿ ಕೀವು ತುಂಬುತ್ತದೆ. ಎದೆ, ಬೆನ್ನಿನ ಮೇಲ್ಭಾಗದಲ್ಲಿ ಈ ಗ್ರಂಥಿಗಳು ಜಾಸ್ತಿ. ಅಂಗೈ, ಅಂಗಾಲಿನಲ್ಲಿ ಒಂದೂ ಇಲ್ಲ, ಅದಕ್ಕೇ ಅಲ್ಲಿ ಯಾರಿಗೂ ಮೊಡವೆ ಬರುವುದಿಲ್ಲ. ನೀವು ಹಿಟ್ಟು ಹಾಕಿ ತಿಕ್ಕಿದಾಗ ಆಗುವುದು ಇಷ್ಟೇ: ಒಳಗೆ ಊದಿರುವುದು ಚರ್ಮದೊಳಗೇ ಒಡೆದುಕೊಂಡು ಇನ್ನೂ ದೊಡ್ಡದಾಗುತ್ತದೆ, ಕಲೆ ಉಳಿಯುತ್ತದೆ.

ನಿಮ್ಮ ಅತ್ತೆಯವರಿಗೆ ಬೇಜಾರು ಮಾಡದೆ ಹೇಳಿ, ಮಗುವಿಗೆ ಮೊಟ್ಟೆ, ಕಡಲೆಕಾಯಿ ಕೊಡಲಿ. ಬೆಳೆಯುವ ಹುಡುಗಿ. ಊಟಕ್ಕೂ ಮೊಡವೆಗೂ ಸಂಬಂಧವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಸಕ್ಕರೆ, ಬೇಕರಿ ತಿಂಡಿ, ತಂಪು ಪಾನೀಯ ಜಾಸ್ತಿ ಆದರೆ ಕೆಲವರಿಗೆ ಏರುತ್ತದೆ, ಹಾಲಿನಿಂದಲೂ ಕೆಲವರಿಗೆ ಏರುವುದುಂಟು. ಆದರೆ ಉಷ್ಣ ಅಂತ ಪಟ್ಟಿ ಮಾಡಿ ಒಂದೊಂದೇ ಬಿಡಿಸುತ್ತಾ ಹೋದರೆ ಮಗು ಸೊರಗುತ್ತದೆ, ಮೊಡವೆ ಹಾಗೇ ಇರುತ್ತದೆ.

ಎಣ್ಣೆಯದು ಮಾತ್ರ ನಿಜವಾದ ಅನುಮಾನ. ಕೊಬ್ಬರಿ ಎಣ್ಣೆ ರೋಮದ ಬಾಯಿ ಕಟ್ಟುವಂಥದ್ದು. ತಲೆಗೆ ಹಚ್ಚಿದ್ದು ಕುತ್ತಿಗೆ ಇಳಿದು ಬೆನ್ನಿಗೆ ಬರುತ್ತದೆ, ಜಡೆ ರಾತ್ರಿಯೆಲ್ಲ ಬೆನ್ನಿಗೆ ಉಜ್ಜುತ್ತದೆ. ನಿಲ್ಲಿಸಲೇಬೇಕು ಅಂತಿಲ್ಲ. ಸ್ನಾನಕ್ಕೆ ಒಂದು ಗಂಟೆ ಮುಂಚೆ ಕೂದಲಿಗಷ್ಟೇ ಹಚ್ಚಿ. ಸ್ನಾನದಲ್ಲಿ ಮೊದಲು ತಲೆ ತೊಳೆದು, ಕೂದಲು ಮೇಲೆ ಕಟ್ಟಿಸಿ, ಬೆನ್ನು ಕೊನೆಗೆ ತೊಳೆಯಲಿ. ಶಾಂಪೂ ಕಂಡಿಷನರ್ ಜಿಡ್ಡು ಬೆನ್ನ ಮೇಲೆ ಉಳಿಯಬಾರದು.

ಈಗ ಔಷಧಿ. ಬೆಂಜಾಯ್ಲ್ ಪೆರಾಕ್ಸೈಡ್ ಅಂತ ಕೇಳಿ, ಶೇ 2.5 ಅಥವಾ 5, ತೊಳೆಯುವ ತರಹದ್ದು ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಜೆಲ್. ಬಚ್ಚಲಲ್ಲಿ ಒದ್ದೆ ಬೆನ್ನಿಗೆ ತೆಳ್ಳಗೆ ಸವರಿ. ಎರಡು ನಿಮಿಷ ಬಿಡಿ. ತೊಳೆಯಿರಿ. ಉರಿ ಇಲ್ಲದಿದ್ದರೆ ಒಂದು ವಾರದ ಮೇಲೆ ಐದು ನಿಮಿಷಕ್ಕೆ ಏರಿಸಿ. ಒಂದು ಎಚ್ಚರಿಕೆ, ಇದನ್ನು ಮೆಡಿಕಲ್‌ನವರು ಹೇಳಲ್ಲ: ಈ ಮದ್ದು ಬಟ್ಟೆಯ ಬಣ್ಣ ತಿನ್ನುತ್ತದೆ. ನೀಲಿ ಟವೆಲ್ ಮೇಲೆ ಕಿತ್ತಳೆ ಬಣ್ಣದ ಮಚ್ಚೆ ಬೀಳುತ್ತದೆ, ಯೂನಿಫಾರಂ ಕಾಲರ್ ಹಾಳಾಗುತ್ತದೆ. ಬಿಳಿ ಟವೆಲ್ ಒಂದನ್ನು ಇದಕ್ಕೇ ಇಟ್ಟುಬಿಡಿ, ಚೆನ್ನಾಗಿ ತೊಳೆದ ಮೇಲೆಯೇ ಯೂನಿಫಾರಂ ಹಾಕಿಸಿ.

ಇದನ್ನು ಎರಡು ತಿಂಗಳು ಬಿಡದೆ ಮಾಡಿ. ಹದಿನೈದು ದಿನಕ್ಕೆ ಏನೂ ಆಗಲಿಲ್ಲ ಅಂತ ಇನ್ನೊಂದು ಟ್ಯೂಬ್ ತರಬೇಡಿ. ಬೆನ್ನಿನ ಚರ್ಮ ದಪ್ಪ, ಮುಖಕ್ಕಿಂತ ನಿಧಾನ. ಅಷ್ಟರಲ್ಲೂ ಇಳಿಯದಿದ್ದರೆ, ಅಥವಾ ಗಂಟು ಗಂಟಾಗಿ ಮುಟ್ಟಿದರೆ ನೋಯುವಂಥದ್ದು ಬಂದರೆ, ಚರ್ಮದ ಡಾಕ್ಟರಿಗೆ ತೋರಿಸಿ. ಅಂದ ಹಾಗೆ, ಅವಳ ಸ್ಕೂಲ್ ಬ್ಯಾಗ್ ಪಟ್ಟಿ ಎಲ್ಲಿ ಕೂರುತ್ತದೆ ನೋಡಿ. ಒತ್ತಡ, ಬೆವರು, ಉಜ್ಜಾಟ ಮೂರೂ ಸೇರಿದ ಜಾಗದಲ್ಲಿ ಮೊಡವೆ ದಟ್ಟವಾಗಿರುತ್ತದೆ.

ಪ್ರ: ಇಂಜಿನಿಯರಿಂಗ್ ಮೂರನೇ ವರ್ಷ, ಹಾಸ್ಟೆಲ್‌ನಲ್ಲಿದ್ದೇನೆ. ಎದೆ ಮತ್ತು ಬೆನ್ನಿನ ಮೇಲೆ ಸಣ್ಣ ಸಣ್ಣ ಗುಳ್ಳೆ. ಮೊಡವೆ ಅಂತ ಸೀನಿಯರ್ ಹೇಳಿದ ಆಂಟಿಬಯೋಟಿಕ್ ಕ್ಯಾಪ್ಸೂಲ್ ತಗೊಂಡೆ. ಜಾಸ್ತಿ ಆಯಿತು. ರಾತ್ರಿ ಕಡಿತ ತಡೆಯಲಿಕ್ಕೆ ಆಗುವುದಿಲ್ಲ.
– ಸುರತ್ಕಲ್

ಉ: ನಿಮ್ಮ ಪತ್ರದಲ್ಲಿ ಎರಡು ಮಾತು ಮುಖ್ಯ. ಕಡಿತ ಮತ್ತು ಆಂಟಿಬಯೋಟಿಕ್‌ನಿಂದ ಜಾಸ್ತಿ ಆಗಿದ್ದು. ಮೊಡವೆ ನೋಯುತ್ತದೆ, ಅಷ್ಟಾಗಿ ಕಡಿಯುವುದಿಲ್ಲ. ಕನ್ನಡಿ ಮುಂದೆ ನಿಂತು ನೋಡಿ, ಗುಳ್ಳೆಗಳೆಲ್ಲ ಒಂದೇ ಅಳತೆ ಇವೆಯಾ? ಮೊಡವೆಯಾದರೆ ಒಂದು ಕಪ್ಪು ಚುಕ್ಕೆ, ಒಂದು ಬಿಳಿ ಮೊನೆ, ಒಂದು ಕೆಂಪು ಊತ, ಹೀಗೆ ನಾನಾ ತರಹ ಇರುತ್ತದೆ. ಎಲ್ಲ ಒಂದೇ ಸೈಜು, ಕಪ್ಪು ಚುಕ್ಕೆ ಒಂದೂ ಇಲ್ಲ, ಬೆವರಿದಾಗ ಕಡಿತ ಏರುತ್ತದೆ ಅಂದರೆ ನನ್ನ ಅನುಮಾನ ಮಲಸೀಝಿಯ ಅನ್ನುವ ಯೀಸ್ಟ್ ಮೇಲೆ.

ಇದು ಹೊರಗಿನಿಂದ ಬಂದದ್ದಲ್ಲ. ಎಲ್ಲರ ಚರ್ಮದಲ್ಲೂ ಇರುತ್ತದೆ, ಚರ್ಮದ ಜಿಡ್ಡು ತಿಂದು ಬದುಕುತ್ತದೆ. ನಿಮ್ಮ ಊರಿನ ಸೆಕೆ, ದಿನವಿಡೀ ಒದ್ದೆ ಬನಿಯನ್, ಮೇಲೆ ಜಾಗ ಹಂಚಿಕೊಂಡಿದ್ದ ಬ್ಯಾಕ್ಟೀರಿಯಾವನ್ನು ಕ್ಯಾಪ್ಸೂಲ್ ಬೇರೆ ಕಡಿಮೆ ಮಾಡಿತು. ಯೀಸ್ಟ್‌ಗೆ ಮೈದಾನ ಖಾಲಿ ಸಿಕ್ಕಿತು. ನಿಮ್ಮ ಸೀನಿಯರ್ ಇಂಜಿನಿಯರ್ ಆಗಲಿ, ಡಾಕ್ಟರ್ ಆಗುವುದು ಬೇಡ.

ಕ್ಯಾಪ್ಸೂಲ್ ನಿಲ್ಲಿಸಿ. ತಲೆಹೊಟ್ಟಿಗೆ ಬಳಸುವ ಶೇ 2ರ ಕೀಟೊಕೊನಜೋಲ್ ಶಾಂಪೂ ತಂದು ಎದೆ ಬೆನ್ನಿಗೆ ನೊರೆ ಬರಿಸಿ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಿರಿ. ಮೂರ್ನಾಲ್ಕು ವಾರ ಮಾಡಿ ನೋಡಿ. ಮೈಗೆ ಎಣ್ಣೆ ಬೇಡವೇ ಬೇಡ, ಅದು ಯೀಸ್ಟ್‌ಗೆ ಊಟ. ಸಾಯಂಕಾಲ ಆಟ ಆಡಿ ಬಂದು ಅದೇ ಟೀಶರ್ಟ್‌ನಲ್ಲಿ ಮಲಗಬೇಡಿ. ಇಳಿಯದಿದ್ದರೆ ಚರ್ಮದ ಡಾಕ್ಟರು ಒಂದು ಗುಳ್ಳೆಯನ್ನು ಕೆರೆದು ಮೈಕ್ರೋಸ್ಕೋಪ್‌ನಲ್ಲಿ ನೋಡಿ ನುಂಗುವ ಮಾತ್ರೆ ಕೊಡುತ್ತಾರೆ. ಆ ಮಾತ್ರೆಯನ್ನು ನೀವೇ ತಗೊಳ್ಳಬೇಡಿ. ಇದು ಮರಳಿ ಬರುವ ಪೈಕಿ, ಅದಕ್ಕೇ ಕಡಿಮೆಯಾದ ಮೇಲೂ ಸೆಕೆಗಾಲದಲ್ಲಿ ವಾರಕ್ಕೊಂದು ಸಲ ಆ ಶಾಂಪೂ ಇರಲಿ.

ಪ್ರ: ಜಿಮ್‌ಗೆ ಸೇರಿ ಎಂಟು ತಿಂಗಳಾಯಿತು. ಭುಜ, ಬೆನ್ನು ಪೂರ್ತಿ ದೊಡ್ಡ ದೊಡ್ಡ ಮೊಡವೆ. ಮೊದಲು ಒಂದೂ ಇರಲಿಲ್ಲ. ಪ್ರೋಟೀನ್ ಪೌಡರ್ ಕಾರಣ ಇರಬಹುದಾ?
– 23 ವರ್ಷ, ದಾವಣಗೆರೆ

ಉ: ಇರಬಹುದು. ಹಾಲಿನಿಂದ ಮಾಡುವ ವೇ ಪ್ರೋಟೀನ್ ಶುರು ಮಾಡಿದ ಮೇಲೆ ಮೊಡವೆ ಏರಿದವರನ್ನು ನಾವು ಚರ್ಮದ ಡಾಕ್ಟರುಗಳು ನೋಡುತ್ತಲೇ ಇರುತ್ತೇವೆ. ಎರಡು ಮೂರು ತಿಂಗಳು ನಿಲ್ಲಿಸಿ, ಮೊಟ್ಟೆ, ಕಾಳು, ಸೋಯಾದಲ್ಲಿ ಅಷ್ಟು ಪ್ರೋಟೀನ್ ತಗೊಳ್ಳಿ. ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಆದರೆ ನೀವು ಬರೆಯದೆ ಬಿಟ್ಟಿರುವ ಒಂದು ವಿಷಯ ಕೇಳಬೇಕು. ಪೌಡರ್ ಜೊತೆ ಇಂಜೆಕ್ಷನ್ ಅಥವಾ ಮಾತ್ರೆ ಏನಾದರೂ ಇದೆಯಾ? ಹೆಸರಿಲ್ಲದ ಡಬ್ಬಿ, "ಬೇಗ ಸೈಜ್ ಬರುತ್ತೆ" ಅಂತ ಕೊಟ್ಟದ್ದು? ಮೈ ಬೆಳೆಸುವ ಸ್ಟೀರಾಯ್ಡ್ ಅಂದರೆ ಗಂಡಸರ ಹಾರ್ಮೋನಿನ ಬಂಧು. ಎಣ್ಣೆ ಗ್ರಂಥಿ ಅದರ ಮಾತು ಕೇಳಿಯೇ ಕುಣಿಯುವುದು. ಮೊದಲು ಒಂದೂ ಇಲ್ಲದವನಿಗೆ ಕೆಲವೇ ತಿಂಗಳಲ್ಲಿ ಬೆನ್ನೆಲ್ಲ ಗಂಟು ಎದ್ದಿದ್ದರೆ ಇದನ್ನು ಕೇಳದೆ ನಾನು ಚೀಟಿ ಬರೆಯುವುದಿಲ್ಲ. ಹೌದಾಗಿದ್ದರೆ, ನಾಚಿಕೆ ಬಿಟ್ಟು ನೇರವಾಗಿ ಡಾಕ್ಟರ ಹತ್ತಿರ ಹೇಳಿ, ನಿಲ್ಲಿಸುವುದನ್ನೂ ಅವರ ಮೇಲ್ವಿಚಾರಣೆಯಲ್ಲೇ ಮಾಡಿ. ಮೊಡವೆ ಒಡೆದು ಹುಣ್ಣಾಗಿ, ಜೊತೆಗೆ ಜ್ವರ, ಕೀಲು ನೋವು ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಹಾಗೇ ಬಿ12 ಇಂಜೆಕ್ಷನ್ ತಗೊಳ್ಳುತ್ತಿದ್ದರೂ ಹೇಳಿ, ಅದರಿಂದಲೂ ಕೆಲವರಿಗೆ ಮೊಡವೆ ಏಳುತ್ತದೆ.

ಪ್ರ: ಎರಡು ತಿಂಗಳಲ್ಲಿ ಮದುವೆ. ಬೆನ್ನಿನ ಮೊಡವೆ ಈಗ ಕಡಿಮೆ, ಆದರೆ ಕಪ್ಪು ಕಲೆ ಹಾಗೇ ಇವೆ. ಬ್ಲೌಸ್ ಹಿಂದೆ ಡೀಪ್ ನೆಕ್ ಹೊಲಿಸಿದ್ದೇನೆ. ಪಾರ್ಲರಿನಲ್ಲಿ ಬ್ಲೀಚ್, ಪೀಲಿಂಗ್ ಎರಡೂ ಮಾಡಿಸು ಅನ್ನುತ್ತಾರೆ. ಗೆಳತಿ ಐಸೊಟ್ರೆಟಿನಾಯ್ನ್ ಮಾತ್ರೆ ಅಂತ ಹೇಳಿದಳು.
– ತುಮಕೂರು

ಉ: ಮದುವೆಗೆ ಶುಭಾಶಯ. ಎರಡು ತಿಂಗಳಲ್ಲಿ ಈ ಕಲೆ ಪೂರ್ತಿ ಹೋಗುವುದಿಲ್ಲ, ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ನಮ್ಮ ಮೈಬಣ್ಣದವರಿಗೆ ಊತ ಇಳಿದ ಜಾಗದಲ್ಲಿ ಕಪ್ಪು ಉಳಿದು, ತಿಂಗಳುಗಟ್ಟಲೆ, ಕೆಲವರಿಗೆ ವರ್ಷದವರೆಗೂ ಇದ್ದು, ತಾನಾಗಿ ತಿಳಿಯಾಗುತ್ತದೆ. ಬ್ಲೀಚ್‌ನಿಂದ ಚರ್ಮ ಉರಿದರೆ ಆ ಉರಿಯೇ ಹೊಸ ಕಲೆ. ಪೀಲಿಂಗ್ ಮಾಡಿಸುವುದಿದ್ದರೆ ಚರ್ಮದ ಡಾಕ್ಟರ ಹತ್ತಿರ, ಈಗಲೇ. ಮದುವೆಯ ಹಿಂದಿನ ವಾರ ಖಂಡಿತ ಅಲ್ಲ. ದಿನಾ ರಾತ್ರಿ ಅಝೆಲಾಯಿಕ್ ಆಸಿಡ್ ಕ್ರೀಮ್ ಹಚ್ಚಬಹುದು, ಬಿಸಿಲಿಗೆ ಬೆನ್ನು ತೆರೆಯುವ ದಿನ ಸನ್‌ಸ್ಕ್ರೀನ್ ಇರಲಿ.

ಮಾತ್ರೆ ವಿಷಯ ಗಂಭೀರ. ಐಸೊಟ್ರೆಟಿನಾಯ್ನ್ ಕೆಟ್ಟ ಮದ್ದಲ್ಲ, ಗಂಟು ಮೊಡವೆಗೆ ಅದರಷ್ಟು ಕೆಲಸ ಮಾಡುವುದು ಇನ್ನೊಂದಿಲ್ಲ. ಆದರೆ ಅದು ಕಲೆಗೆ ಕೊಡುವ ಮಾತ್ರೆಯಲ್ಲ, ಮತ್ತು ಹೊಟ್ಟೆಯಲ್ಲಿರುವ ಮಗುವಿಗೆ ಭಾರಿ ಹಾನಿ ಮಾಡುತ್ತದೆ. ತಗೊಳ್ಳುವಷ್ಟು ದಿನವೂ, ನಿಲ್ಲಿಸಿ ಒಂದು ತಿಂಗಳವರೆಗೂ ಗರ್ಭ ನಿಲ್ಲಲೇಬಾರದು. ಹೊಸದಾಗಿ ಮದುವೆಯಾಗುವ ಹುಡುಗಿಗೆ ಗೆಳತಿ ಕೊಡುವ ಸಲಹೆ ಇದಲ್ಲ.

ಬ್ಲೌಸ್‌ಗೆ ಟೈಲರ್ ಹತ್ತಿರ ಹಿಂದೆ ತೆಳು ನೆಟ್ ಬಟ್ಟೆ ಸೇರಿಸಲು ಹೇಳಿ. ಅದೇ ಈಗಿನ ಫ್ಯಾಷನ್ ಕೂಡ.

ಪ್ರ: ಮೂರು ವರ್ಷದಿಂದ ಕಂಕುಳಲ್ಲಿ ಕುರು ಏಳುತ್ತಿದೆ, ಈಗ ತೊಡೆಸಂದಿನಲ್ಲೂ. ಪ್ರತಿ ಸಲ ನರ್ಸಿಂಗ್ ಹೋಮ್‌ನಲ್ಲಿ ಕೊಯ್ದು ಕೀವು ತೆಗೆಯುತ್ತಾರೆ, ಐದು ದಿನ ಮಾತ್ರೆ ಕೊಡುತ್ತಾರೆ. ಮತ್ತೆ ಅಲ್ಲೇ ಪಕ್ಕದಲ್ಲಿ ಬರುತ್ತದೆ. ವಾಸನೆ ಬರುತ್ತದೆ ಅಂತ ಬಸ್ಸಲ್ಲಿ ಕೂರಲು ಭಯ. ಮನೆಯಲ್ಲಿ ಸ್ವಚ್ಛ ಇಲ್ಲ ಅಂತ ಬೈಯುತ್ತಾರೆ. ದಯವಿಟ್ಟು ಹೆಸರು ಹಾಕಬೇಡಿ.
– ಸಿಂಧನೂರು

ಉ: ಮೊದಲು ಇದನ್ನು ಮನೆಯವರಿಗೆ ಓದಿ ಹೇಳಿ: ಇದು ಸ್ವಚ್ಛತೆಯ ಕೊರತೆಯಿಂದ ಬರುವ ಕಾಯಿಲೆಯಲ್ಲ. ಅಂಟುವುದೂ ಇಲ್ಲ. ನೀವು ಬರೆದಿರುವುದನ್ನು ನೋಡಿದರೆ ಹೈಡ್ರಾಡಿನೈಟಿಸ್ ಸಪ್ಪುರೇಟಿವಾ ಇರಬೇಕು ಅನ್ನಿಸುತ್ತದೆ. ಹೆಸರು ಉದ್ದ, ಆದರೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಯಾಕೆಂದರೆ ಇದನ್ನು ಸಾಮಾನ್ಯ ಕುರು ಅಂತ ಕೊಯ್ಯುತ್ತಾ ವರ್ಷಗಟ್ಟಲೆ ಕಳೆಯುವುದು ನಮ್ಮಲ್ಲಿ ಮಾತ್ರ ಅಲ್ಲ, ಎಲ್ಲ ದೇಶದಲ್ಲೂ ನಡೆಯುತ್ತಿದೆ.

ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಪೃಷ್ಠ, ಹೀಗೆ ಚರ್ಮಕ್ಕೆ ಚರ್ಮ ತಾಗುವ ಜಾಗದಲ್ಲಿ ರೋಮದ ಬುಡ ಕಟ್ಟಿಕೊಂಡು ಒಳಗೇ ಒಡೆಯುತ್ತದೆ, ದೇಹ ಅದರ ವಿರುದ್ಧ ಜೋರಾಗಿ ಊತ ಎಬ್ಬಿಸುತ್ತದೆ, ಕಾಲ ಕಳೆದಂತೆ ಚರ್ಮದ ಅಡಿಯಲ್ಲಿ ಒಂದು ಗುಳ್ಳೆಯಿಂದ ಇನ್ನೊಂದಕ್ಕೆ ಸುರಂಗ ಬೀಳುತ್ತದೆ. ಕೊಯ್ದು ಕೀವು ತೆಗೆದರೆ ಆ ಹೊತ್ತಿನ ನೋವು ಇಳಿಯುತ್ತದೆ. ಸುರಂಗ ಹಾಗೇ ಉಳಿಯುತ್ತದೆ. ಅದಕ್ಕೇ ಮತ್ತೆ ಪಕ್ಕದಲ್ಲೇ ಬರುವುದು. ಐದು ದಿನದ ಮಾತ್ರೆಯೂ ಸಾಲದು, ಇದಕ್ಕೆ ವಾರಗಟ್ಟಲೆ, ತಿಂಗಳುಗಟ್ಟಲೆ ಲೆಕ್ಕ ಹಾಕಿ ಚಿಕಿತ್ಸೆ ಕೊಡಬೇಕು.

ನೀವಿರುವಲ್ಲಿಂದ ರಾಯಚೂರಿನ ರಿಮ್ಸ್ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಿ ಚರ್ಮರೋಗ ವಿಭಾಗದಲ್ಲಿ ತೋರಿಸಿ. ಗುಳ್ಳೆ ಇಳಿದಿರುವ ದಿನ ಹೋದರೂ ಕಲೆ ನೋಡಿಯೇ ಅವರಿಗೆ ಗೊತ್ತಾಗುತ್ತದೆ, ಆದರೂ ಎದ್ದಾಗ ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಸಕ್ಕರೆ ಪರೀಕ್ಷೆ ಮಾಡಿಸುತ್ತಾರೆ, ಈ ಕಾಯಿಲೆ ಇರುವವರಲ್ಲಿ ಡಯಾಬಿಟಿಸ್ ಜಾಸ್ತಿ. ಹಚ್ಚುವ ಕ್ಲಿಂಡಾಮೈಸಿನ್ ಲೋಷನ್‌ನಿಂದ ಶುರು ಮಾಡಿ ನುಂಗುವ ಮಾತ್ರೆ, ಅದರ ಮೇಲೆ ಅಡಾಲಿಮುಮ್ಯಾಬ್ ಅನ್ನುವ ಇಂಜೆಕ್ಷನ್, ಸುರಂಗವನ್ನೇ ತೆರೆದು ಸ್ವಚ್ಛ ಮಾಡುವ ಆಪರೇಷನ್, ಇಷ್ಟೆಲ್ಲ ದಾರಿ ಇದೆ. ಆ ಇಂಜೆಕ್ಷನ್ ದುಬಾರಿ, ಎಲ್ಲರಿಗೂ ಬೇಕಾಗುವುದೂ ಇಲ್ಲ.

ನಿಮ್ಮ ಕೈಯಲ್ಲಿರುವುದು: ಬೀಡಿ ಸಿಗರೇಟು ಇದ್ದರೆ ಬಿಡಿ, ಈ ಕಾಯಿಲೆಗೂ ಅದಕ್ಕೂ ಗಟ್ಟಿ ನಂಟಿದೆ. ತೂಕ ಜಾಸ್ತಿ ಇದ್ದರೆ ಸ್ವಲ್ಪ ಇಳಿಸಿದರೂ ಉಪಯೋಗ. ಕಂಕುಳಿಗೆ ಬ್ಲೇಡ್ ಹಾಕಬೇಡಿ. ಸಡಿಲ ಹತ್ತಿ ಬಟ್ಟೆ ಹಾಕಿ. ಹಿಸುಕಬೇಡಿ. ಮತ್ತೆ, ನೀವೊಬ್ಬರೇ ಅಲ್ಲ. ಇದೇ ತರಹದ ಇನ್ನೂ ಎರಡು ಪತ್ರ ಈ ತಿಂಗಳು ಬಂದಿವೆ, ಇಬ್ಬರೂ ಹೆಸರು ಹಾಕಬೇಡಿ ಅಂದಿದ್ದಾರೆ. ಅವರಿಗೂ ಇದೇ ಉತ್ತರ.

ಪ್ರ: ಎದೆ ಮಧ್ಯೆ ಬಂದ ಮೊಡವೆ ಚಿವುಟಿದೆ. ಅದು ವಾಸಿಯಾಗಿ ಅದೇ ಜಾಗದಲ್ಲಿ ಗಟ್ಟಿ ಗಂಟು ಬೆಳೆಯುತ್ತಿದೆ, ಕಡಿಯುತ್ತದೆ. ಆಪರೇಷನ್ ಮಾಡಿ ತೆಗೆಸಲೇ?
– ಅಂಗಡಿ ವ್ಯಾಪಾರಿ, ಸಾಗರ

ಉ: ಬೇಡ. ಬರೀ ಕತ್ತರಿಸಿದರೆ ಮೊದಲಿಗಿಂತ ದೊಡ್ಡದಾಗಿ ಬೆಳೆಯುವ ಸಾಧ್ಯತೆ ಜಾಸ್ತಿ. ಇದು ಕೀಲಾಯ್ಡ್. ಎದೆ, ಭುಜ, ಕಿವಿಹಾಲೆಯಲ್ಲಿ ಗಾಯ ವಾಸಿಯಾಗುವಾಗ ಕೆಲವರಿಗೆ ಚರ್ಮ ಮಿತಿ ಮೀರಿ ಬೆಳೆಯುತ್ತದೆ. ಗಂಟಿನೊಳಗೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ, ಸುಮಾರು ತಿಂಗಳಿಗೊಂದರಂತೆ ಹಲವು ಸಲ. ನೋವಿದೆ. ಆದರೆ ಗಂಟು ಮೆತ್ತಗಾಗಿ ತಗ್ಗುತ್ತದೆ, ಕಡಿತ ಬೇಗ ನಿಲ್ಲುತ್ತದೆ. ಎದೆಯ ಮೊಡವೆಯನ್ನು ಇನ್ನು ಮುಂದೆ ಮುಟ್ಟಬೇಡಿ, ಬಂದ ಕೂಡಲೇ ಮದ್ದು ಮಾಡಿ.

ಪ್ರ: ತೋಳಿನ ಹಿಂದೆ ತುರಿಯುವ ಮಣೆ ಮುಟ್ಟಿದ ಹಾಗೆ ಒರಟು, ಸಣ್ಣ ಗುಳ್ಳೆ. ನೋವಿಲ್ಲ, ಕಡಿತ ಇಲ್ಲ. ಮೊಡವೆ ಕ್ರೀಮ್ ಹಚ್ಚಿದೆ, ವ್ಯಾಕ್ಸಿಂಗ್ ಮಾಡಿಸಿದೆ, ಏನೂ ಆಗಲಿಲ್ಲರೀ.
– ಹುಬ್ಬಳ್ಳಿ

ಉ: ಆಗಲ್ಲರೀ, ಇದು ಮೊಡವೆ ಅಲ್ಲ. ಕೆರಟೋಸಿಸ್ ಪಿಲಾರಿಸ್. ರೋಮದ ಬುಡದಲ್ಲಿ ಗಟ್ಟಿ ಚರ್ಮ ತುಂಬಿಕೊಳ್ಳುತ್ತದೆ ಅಷ್ಟೇ, ಎಷ್ಟೋ ಸಲ ಮನೆಯಲ್ಲಿ ಅಮ್ಮನಿಗೋ ಅಕ್ಕನಿಗೋ ಇರುತ್ತದೆ, ಕೇಳಿ ನೋಡಿ. ಅಪಾಯ ಇಲ್ಲ. ಸ್ನಾನ ಆದ ಕೂಡಲೇ ಯೂರಿಯಾ ಅಥವಾ ಲ್ಯಾಕ್ಟಿಕ್ ಆಸಿಡ್ ಇರುವ ಕ್ರೀಮ್ ಹಚ್ಚಿ. ಹಚ್ಚುವಷ್ಟು ದಿನ ನುಣುಪು, ಬಿಟ್ಟರೆ ಮತ್ತೆ ಒರಟು. ವಯಸ್ಸಾದಂತೆ ತಾನೇ ಕಡಿಮೆ ಆಗುತ್ತದೆ. ವ್ಯಾಕ್ಸಿಂಗ್‌ನಿಂದ ಕೂದಲು ಒಳಗೇ ಸಿಕ್ಕಿಕೊಂಡು ಇನ್ನೂ ಗುಳ್ಳೆ ಏಳುತ್ತವೆ.

ಚುಟುಕಾಗಿ ಕೆಲವು. ಟೂತ್‌ಪೇಸ್ಟ್ ಹಚ್ಚಬಹುದಾ? ಬೇಡ. ನಿಂಬೆರಸ? ಬೇಡ, ಚರ್ಮ ಸುಡುತ್ತದೆ. ದಿನಕ್ಕೆ ನಾಲ್ಕು ಸಲ ಸೋಪು? ಎರಡು ಸಾಕು, ಚರ್ಮ ಒಣಗಿಸಿದರೆ ಮೊಡವೆ ಹೋಗುವುದಿಲ್ಲ. ಮೊಡವೆ ಹೆಂಡತಿಗೆ ಅಂಟುತ್ತದಾ? ಇಲ್ಲ. ಗಜಕರ್ಣಕ್ಕೆ ತಂದ ಟ್ಯೂಬ್ ಉಳಿದಿದೆ, ಬೆನ್ನಿಗೆ ಹಚ್ಚಲಾ? ದಯವಿಟ್ಟು ಬೇಡ. ಅಂಥ ಎಷ್ಟೋ ಟ್ಯೂಬ್‌ಗಳಲ್ಲಿ ಸ್ಟೀರಾಯ್ಡ್ ಸೇರಿರುತ್ತದೆ. ಮೂರು ದಿನ ಕೆಂಪು ಇಳಿದು ಖುಷಿ ಕೊಡುತ್ತದೆ, ಆಮೇಲೆ ಅದೇ ಗುಳ್ಳೆ ಎಬ್ಬಿಸುತ್ತದೆ. ಸ್ಟೀರಾಯ್ಡ್ ಇರುವ ಹಲವು ಕ್ರೀಮ್‌ಗಳನ್ನು 2018ರಲ್ಲೇ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದ್ದಾರೆ. ಕೌಂಟರಿನಲ್ಲಿ ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.

ಮುಂದಿನ ತಿಂಗಳಿಗೆ ಬರೆಯುವವರಲ್ಲಿ ಒಂದು ವಿನಂತಿ. "ಏನೇನೋ ಹಚ್ಚಿದೆ" ಅಂತ ಬರೆಯಬೇಡಿ. ಟ್ಯೂಬ್ ತಿರುಗಿಸಿ, ಹಿಂದೆ ಸಣ್ಣ ಅಕ್ಷರದಲ್ಲಿ ಔಷಧಿಯ ಹೆಸರು ಇರುತ್ತದೆ, ಅದನ್ನು ಬರೆಯಿರಿ. ಎಷ್ಟು ದಿನ ಹಚ್ಚಿದಿರಿ, ಕಡಿತ ಇದೆಯಾ, ನೋವಿದೆಯಾ, ಬೇರೆ ಯಾವ ಕಾಯಿಲೆಗೆ ಯಾವ ಮಾತ್ರೆ ನಡೆಯುತ್ತಿದೆ, ಇಷ್ಟು ಇದ್ದರೆ ಉತ್ತರಿಸುವುದು ಸುಲಭ.